ಗಡಿ ಊರಿನ ರೇಡಿಯೊಗೆ ಯಾವ ಭಾಷೆ?

"ಗಡಿ ಊರಲ್ಲಿ ಸಮುದಾಯ ರೇಡಿಯೊ ಮಾಡಿದರೆ ಯಾವ ಭಾಷೆಯಲ್ಲಿ ಮಾಡ್ತೀರಿ? ಜನ ಬಂದು ಮಾತಾಡ್ತಾರಾ?" ಅಂತ ಕೇಳಿದ್ದೀರಿ. ಸಮುದಾಯ ರೇಡಿಯೊ ಅಂದರೆ ಊರಿನವರೇ ಸೇರಿ ನಡೆಸುವ ಸಣ್ಣ ರೇಡಿಯೊ. ಬೆಂಗಳೂರಲ್ಲಿ ಕೂತು ನೋಡಿದರೆ ಇದು ಸುಲಭ. ನಮ್ಮ ಬಂಗಾರಪೇಟೆ ಕಡೆ ಸ್ವಲ್ಪ ಗೋಜಲು.

ಇಲ್ಲಿ ಒಂದು ಕಡೆ ಆಂಧ್ರದ ಕುಪ್ಪಂ, ಇನ್ನೊಂದು ಕಡೆ ತಮಿಳುನಾಡಿನ ಕೃಷ್ಣಗಿರಿ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು. ನಮ್ಮ ಅತ್ತೆ ಹಸುವನ್ನು ಬೈಯುವುದು ತೆಲುಗಿನಲ್ಲಿ. ಡೈರಿಯಲ್ಲಿ ಫ್ಯಾಟ್ ಕಡಿಮೆ ಬಂದರೆ ಜಗಳ ಆಡುವುದು ಕನ್ನಡದಲ್ಲಿ. ಅವರ ಮುಂದೆ ಮೈಕ್ ಹಿಡಿಯಿರಿ, "ನಂಗೆ ಸರಿಯಾಗಿ ಕನ್ನಡ ಬರಲ್ಲಪ್ಪ" ಅಂತ ಒಳಗೆ ಹೋಗಿಬಿಡುತ್ತಾರೆ.

ನಮ್ಮ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು ಅಂತ ನಿಮಗೆ ಗೊತ್ತಿರಬಹುದು. 'ನಮ್ಮ ಧ್ವನಿ' ಅನ್ನುವ ಸಮುದಾಯ ರೇಡಿಯೊ ಶುರುವಾದದ್ದೂ ಅಲ್ಲೇ. ಮೈರಾಡ, ವಾಯ್ಸಸ್ ಅನ್ನುವ ಸ್ವಯಂಸೇವಾ ಸಂಸ್ಥೆಗಳು ಜೊತೆಗಿದ್ದವು, ಯುನೆಸ್ಕೊ ನೆರವಿತ್ತು. ರೇಡಿಯೊ ತರಂಗ ಜನರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸಂಘ ಸಂಸ್ಥೆಗಳಿಗೆ ಲೈಸೆನ್ಸ್ ಸಿಗುವ ಹಾಗೆ ಆದದ್ದು 2006ರಲ್ಲಿ. ಬೂದಿಕೋಟೆಯವರು ಅಲ್ಲಿವರೆಗೆ ಸುಮ್ನೆ ಕೂರಲಿಲ್ಲ. ರೆಕಾರ್ಡ್ ಮಾಡಿದ್ದನ್ನು ಸಂಘದ ಸಭೆಗಳಲ್ಲಿ ಕೇಳಿಸಿದರು, ಲೌಡ್‌ಸ್ಪೀಕರ್‌ನಲ್ಲಿ ಹಾಕಿದರು. 2003ರ ಹೊತ್ತಿಗೆ ಟಿವಿ ಕೇಬಲ್ ಮೂಲಕವೇ ಮನೆಗಳಿಗೆ ಕಳಿಸಿದರು. ಗಾಳಿಯಲ್ಲಿ ಬಿಡಬಾರದು ಅಂದರೆ ತಂತಿಯಲ್ಲಿ ಬಿಟ್ಟರಾಯಿತು, ಅಲ್ವಾ?

ಈಗಿನ ನಿಯಮ ನಮ್ಮಂಥವರ ಪರವಾಗಿಯೇ ಇದೆ. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧದಷ್ಟನ್ನು ಸ್ಥಳೀಯರು ಸೇರಿ ಮಾಡಿರಬೇಕು. ಸ್ಥಳೀಯ ಭಾಷೆ, ಆಡುಮಾತಿಗೆ ಆದ್ಯತೆ ಅಂತಲೂ ಇದೆ. ಆದರೆ ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯದ್ದನ್ನೇ ಹಾಗೆಯೇ ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದ ಮಾಡಿ ಹಾಕಬೇಕು. ಕರೆಂಟು, ನೀರಿನ ಪ್ರಕಟಣೆ ಹೇಳಬಹುದು, ಅದು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲವಂತೆ! ನಮ್ಮ ಕಡೆ ಅದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ?

ಹಾಗಾಗಿ ಅಡ್ಡ ಬರುವುದು ಕಾನೂನಲ್ಲ. "ಯಾರು ಬೇಕಾದರೂ ಬನ್ನಿ" ಅಂತ ಬೋರ್ಡ್ ಹಾಕಿದರೆ ಪಂಚಾಯ್ತಿ ಮೆಂಬರ್ ಬರುತ್ತಾರೆ, ರಿಟೈರ್ ಆದ ಮೇಷ್ಟ್ರು ಬರುತ್ತಾರೆ, ಸಂಘದಲ್ಲಿ ಜೋರಾಗಿ ಮಾತಾಡುವ ಒಬ್ಬರೋ ಇಬ್ಬರೋ ಬರುತ್ತಾರೆ. ಕೂಲಿ ಬಿಟ್ಟು ಯಾರು ಬರುತ್ತಾರೆ? ಊರಾಚೆ ಕೇರಿಯವರನ್ನು ಮೆಂಬರ್ ಪಕ್ಕದಲ್ಲೇ ಕೂರಿಸಿ "ನೀರಿನ ಸಮಸ್ಯೆ ಹೇಳಿ" ಅಂದರೆ ಏನು ಹೇಳುತ್ತಾರೆ? "ಎಲ್ಲಾ ಚೆನ್ನಾಗಿದೆ" ಅನ್ನುತ್ತಾರೆ. ಅವರ ಹತ್ತಿರ ರೆಕಾರ್ಡರ್ ತಗೊಂಡು ಬೇರೆಯಾಗಿಯೇ ಹೋಗಬೇಕು. ಬೆಳಗ್ಗೆ ಡೈರಿ ಮುಂದೆ ನಿಲ್ಲಬೇಕು, ಹಾಲು ಹಾಕಲು ಎಲ್ಲ ಜಾತಿಯವರೂ ಬರುತ್ತಾರೆ. ಒಬ್ಬರಿಗೆ ಪ್ರಶ್ನೆ ಕೇಳುವುದಕ್ಕಿಂತ ಇಬ್ಬರನ್ನು ಮಾತಿಗೆ ಬಿಡುವುದು ಒಳ್ಳೆಯದು. ಮಧ್ಯೆ ತೆಲುಗು ಬಂದರೆ ಬರಲಿ. "ಶುದ್ಧ ಕನ್ನಡದಲ್ಲಿ ಇನ್ನೊಂದು ಸಲ ಹೇಳಿ" ಅಂದ ಕೂಡಲೇ ಮಾತು ಸತ್ತಿತು ಅಂತಲೇ ಲೆಕ್ಕ.

ಅತ್ತೆ ಕೊನೆಗೂ ಮಾತಾಡಿದರು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವಾಗ, ಅವರಿಗೆ ಹೇಳಿಯೇ, ಫೋನನ್ನು ಪಕ್ಕದಲ್ಲಿಟ್ಟಿದ್ದೆ. ಹಾಲುತೊಂಡೆ ರೋಗ ಬಂದ ಹುಳ ಹೇಗೆ ಊದಿಕೊಂಡು ತಟ್ಟೆಯ ಅಂಚಿಗೆ ಹರಿದು ಹೋಗುತ್ತದೆ ಅಂತ ಇಪ್ಪತ್ತು ನಿಮಿಷ ಹೇಳಿದರು. ಅರ್ಧ ತೆಲುಗು, ಅರ್ಧ ಕನ್ನಡ, ನಡುವೆ ನನಗೆ ಎರಡು ಬೈಗುಳ. ಬೈಗುಳ ಮಾತ್ರ ತೆಗೆದಿದ್ದೇನೆ.