ಬೇಗ ಗುಣ ತೋರಿದ ಮುಲಾಮನ್ನೇ ಮುಂದುವರಿಸಬಹುದೇ?

ಪ್ರಶ್ನೆ: ನನಗೆ ಮೊಣಕೈ, ಮೊಣಕಾಲುಗಳಲ್ಲಿ ಸೋರಿಯಾಸಿಸ್ ಇದೆ. ಮೊದಲು ಕೊಟ್ಟ ಕ್ಲೋಬೆಟಾಸಾಲ್ ಮುಲಾಮಿನಿಂದ ಎರಡೇ ವಾರದಲ್ಲಿ ಕಲೆಗಳು ತಗ್ಗಿದವು. ನಿಲ್ಲಿಸಿದ ಮೇಲೆ ಮರುಕಳಿಸಿದವು. ಈಗ ವೈದ್ಯರು ಕ್ಯಾಲ್ಸಿಪೋಟ್ರಿಯಾಲ್ ಬರೆದುಕೊಟ್ಟಿದ್ದಾರೆ. ಮೂರು ವಾರವಾದರೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಳೆಯದನ್ನೇ ಹಚ್ಚಿಕೊಳ್ಳಲೇ? ತೊಡೆಸಂದಿನ ತುರಿಕೆಗೂ ಅದು ಆದೀತೇ?

ಉತ್ತರ: ತೊಡೆಸಂದಿಗೆ ಖಂಡಿತ ಬೇಡ. ಕ್ಲೋಬೆಟಾಸಾಲ್ ಅತಿ ಪ್ರಬಲ ಸ್ಟೀರಾಯ್ಡ್. ಸಂದಿನ ತೆಳು ಚರ್ಮ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಚರ್ಮ ಇನ್ನಷ್ಟು ತೆಳುವಾಗಿ, ಮಾಸದ ಗೀರುಗಳು ಉಳಿಯಬಹುದು. ಆ ತುರಿಕೆ ಸೋರಿಯಾಸಿಸ್ ಆಗಿರದೆ ಹುಳುಕಡ್ಡಿಯೂ ಆಗಿರಬಹುದು. ಹಾಗಿದ್ದರೆ ಸ್ಟೀರಾಯ್ಡ್ ತುರಿಕೆಯನ್ನು ತಗ್ಗಿಸುತ್ತದೆ, ಶಿಲೀಂಧ್ರ ಮಾತ್ರ ಹರಡುತ್ತಲೇ ಹೋಗುತ್ತದೆ. ಉಂಗುರದಂಥ ಅಂಚೂ ಅಳಿಸಿಹೋಗಿ, ರೋಗ ಗುರುತಿಸುವುದೇ ಕಷ್ಟವಾಗುತ್ತದೆ. ಮೊದಲು ವೈದ್ಯರಿಗೆ ತೋರಿಸಿ. ಸೋರಿಯಾಸಿಸ್ ಎಂದೇ ಖಚಿತವಾದರೆ ಸೌಮ್ಯ ಸ್ಟೀರಾಯ್ಡನ್ನು ಕೆಲವು ದಿನ ಕೊಡಬಹುದು, ಇಲ್ಲವೇ ಟ್ಯಾಕ್ರೋಲಿಮಸ್ ಬರೆಯಬಹುದು. ಟ್ಯಾಕ್ರೋಲಿಮಸ್ ಮುಖ್ಯವಾಗಿ ಇಸುಬಿನ ಔಷಧ. ಚರ್ಮವನ್ನು ತೆಳುವಾಗಿಸುವುದಿಲ್ಲ ಎಂಬ ಕಾರಣಕ್ಕೆ ಮುಖ ಮತ್ತು ಸಂದುಗಳ ಸೋರಿಯಾಸಿಸ್‌ಗೂ ಬಳಸುತ್ತಾರೆ. ಮೊದಲ ಕೆಲವು ದಿನ ಉರಿಯುವುದುಂಟು.

ಇನ್ನು ಕ್ಯಾಲ್ಸಿಪೋಟ್ರಿಯಾಲ್. ಮೂರು ವಾರಕ್ಕೇ ಅದನ್ನು ಕೈಬಿಡಬೇಡಿ ಎಂಬುದು ನನ್ನ ಕಳಕಳಿಯ ಮಾತು. ಸ್ಟೀರಾಯ್ಡ್ ಉರಿಯೂತವನ್ನು ಬೇಗ ಅಡಗಿಸುತ್ತದೆ, ಕಣ್ಣಿಗೆ ಫಲ ಕಾಣುತ್ತದೆ. ವಿಟಮಿನ್ ಡಿ ವರ್ಗದ ಈ ಔಷಧ ಅವಸರದಿಂದ ಬೆಳೆಯುವ ಚರ್ಮದ ಕೋಶಗಳ ವೇಗವನ್ನು ತಗ್ಗಿಸುವಂಥದ್ದು. ಪೂರ್ಣ ಫಲಕ್ಕೆ 6ರಿಂದ 8 ವಾರ ಬೇಕಾಗಬಹುದು. ಹೊಟ್ಟು ಉದುರಲೆಂದು ಸ್ಯಾಲಿಸಿಲಿಕ್ ಆಮ್ಲದ ಮುಲಾಮನ್ನೂ ಅದರ ಜೊತೆಗೇ ಹಚ್ಚುತ್ತಿದ್ದೀರಾ? ಆ ಆಮ್ಲ ಕ್ಯಾಲ್ಸಿಪೋಟ್ರಿಯಾಲನ್ನು ನಿಷ್ಕ್ರಿಯಗೊಳಿಸುತ್ತದೆ. ವಯಸ್ಕರು ಕ್ಯಾಲ್ಸಿಪೋಟ್ರಿಯಾಲನ್ನು ವಾರಕ್ಕೆ 100 ಗ್ರಾಂ ಮೀರಿ ಹಚ್ಚಬಾರದು, ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು.

ಕ್ಲೋಬೆಟಾಸಾಲ್ ಕೆಟ್ಟ ಔಷಧವಲ್ಲ. ಮೊಣಕೈಯ ದಪ್ಪ ಚರ್ಮಕ್ಕೆ ಅಂಥ ಶಕ್ತಿ ಬೇಕಾಗುತ್ತದೆ, ಆದರೆ ಸಾಮಾನ್ಯವಾಗಿ ಸತತ ಎರಡು ವಾರಕ್ಕಿಂತ ಹೆಚ್ಚಲ್ಲ, ವಾರಕ್ಕೆ 50 ಗ್ರಾಂ ಮೀರಿ ಅಲ್ಲ. ಕ್ಯಾಲ್ಸಿಪೋಟ್ರಿಯಾಲ್ ಮತ್ತು ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೂಡಿದ ಮುಲಾಮೂ ಇದೆ. ಒಂದೊಂದನ್ನೇ ಹಚ್ಚುವುದಕ್ಕಿಂತ ಅದು ಹೆಚ್ಚು ಫಲಕಾರಿ. ನಿಮಗೆ ಒಗ್ಗುವುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅಳತೆಯೂ ಮುಖ್ಯ: ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು.

ಬೆಳಗ್ಗೆ ಬೆರಳುಗಳ ಕೀಲುಗಳಲ್ಲಿ ಬಿಗಿತ ಅಥವಾ ಊತ ಕಂಡರೆ ಅದನ್ನೂ ವೈದ್ಯರಿಗೆ ತಿಳಿಸಿ. ಸೋರಿಯಾಸಿಸ್ ಕೀಲುಗಳನ್ನೂ ತಾಗಬಲ್ಲದು. ಅದಕ್ಕೆ ಯಾವ ಮುಲಾಮೂ ನಾಟುವುದಿಲ್ಲ, ಚಿಕಿತ್ಸೆಯೇ ಬೇರೆ.