ಕನ್ನಡ ಬ್ಲಾಗ್ ಬೆಳೆಯಬೇಕು ಅಂದ್ರೆ ದಿನಾ ಏನು ಮಾಡಬೇಕು?

ಹಾಸನ ಜಿಲ್ಲೆಯ ದೇವಸ್ಥಾನ, ಪ್ರವಾಸಿ ಜಾಗಗಳ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೀರಿ. ಐದಾರು ತಿಂಗಳಾಯ್ತು, ಓದುಗರು ಹೆಚ್ಚುತ್ತಿಲ್ಲ. ದಿನಾ ಯಾವ ಅಭ್ಯಾಸ ಇಟ್ಟುಕೊಂಡರೆ ಬ್ಲಾಗ್ ಬೆಳೆಯುತ್ತದೆ, ದಿನಕ್ಕೊಂದು ಪೋಸ್ಟ್ ಹಾಕಲೇಬೇಕಾ ಅಂತ ಕೇಳಿದ್ದೀರಿ.

ಹಾಕಬೇಕಾಗಿಲ್ಲ. ದಿನಾ ಬರೆಯಿರಿ, ಆದರೆ ವಾರಕ್ಕೊಂದು ಪ್ರಕಟಿಸಿದರೆ ಸಾಕು. ಕೆಲಸ, ಮನೆ ಎರಡನ್ನೂ ನೋಡಿಕೊಂಡು ದಿನಕ್ಕೊಂದು ಹಾಕಲು ಹೊರಟರೆ ಕೈಯಲ್ಲಿರುವ ಸರಕು ಬೇಗ ಮುಗಿಯುತ್ತದೆ. ಆಮೇಲೆ ಅಲ್ಲಿ ಇಲ್ಲಿ ಓದಿದ್ದನ್ನೇ ತಿರುಗಿಸಿ ಬರೆಯುವುದು ಶುರುವಾಗುತ್ತದೆ. ಬೇಲೂರು ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಅನ್ನುವುದು ಎಲ್ಲ ಕಡೆ ಸಿಗುತ್ತದೆ. ಅದನ್ನು ಓದಲು ಯಾರೂ ನಿಮ್ಮ ಬ್ಲಾಗನ್ನೇ ಹುಡುಕಿಕೊಂಡು ಬರುವುದಿಲ್ಲ.

ನಾನು ಚಿಕ್ಕಮಗಳೂರು ಜಿಲ್ಲೆಯವನು. ಕಾಫಿ, ಕಾಳುಮೆಣಸಿನ ತೋಟದ ಕೆಲಸಗಳ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತೇನೆ. ದಿನದ ಅಭ್ಯಾಸಗಳಲ್ಲಿ ಒಂದನ್ನು ಮಾತ್ರ ಉಳಿಸಿಕೋ ಅಂತ ಯಾರಾದರೂ ಹೇಳಿದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ: ಯಾರಾದರೂ ನಿಜವಾಗಿ ಕೇಳಿದ ಒಂದು ಪ್ರಶ್ನೆಯನ್ನು, ಅವರ ಮಾತಿನಲ್ಲೇ, ಅದೇ ದಿನ ಬರೆದಿಟ್ಟುಕೊಳ್ಳುವುದು.

ಒಂದು ಉದಾಹರಣೆ ಕೊಡುತ್ತೇನೆ. ಮೆಣಸಿನ ಬಳ್ಳಿಗೆ ಸೊರಗು ರೋಗ ಬರದಿರಲಿ ಅಂತ ಮುಂಗಾರು ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಇದರ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್, ತಾಮ್ರದ ಲವಣ), 1 ಕೆಜಿ ಸುಣ್ಣ ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಗೊಬ್ಬರದ ಅಂಗಡಿ ಮುಂದೆ ನಿಂತು ಕೇಳಿಸಿಕೊಂಡರೆ ಜನರ ಪ್ರಶ್ನೆ ಬೇರೆಯೇ. 'ಚಾಕು ಅದ್ದಿದೆ, ಕೆಂಪಗಾಯ್ತು, ಈಗ ಚೆಲ್ಲಬೇಕಾ?' ಅಂತ ಒಬ್ಬರು ಕೇಳುತ್ತಿದ್ದರು. ಚೆಲ್ಲಬೇಕಾಗಿಲ್ಲ. ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಹಿಡಿದಾಗ ಅದರ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಪೂರ್ತಿ ಸುಣ್ಣದ ಜೊತೆ ಸೇರಿಲ್ಲ ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಕಲಕಿ, ಮತ್ತೆ ಚಾಕು ಅದ್ದಿ ನೋಡಬೇಕು. ಲೇಪ ಬರುವುದು ನಿಂತಾಗ ದ್ರಾವಣ ಸರಿಯಾಯಿತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು: ಯಾವುದಕ್ಕೆ ಯಾವುದನ್ನು ಸುರಿಯಬೇಕು? ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯಬೇಕು, ಕಲಕುತ್ತಾ ಇರಬೇಕು. ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಆಗಬಹುದು. ಮಾಡಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು.

ಈ ಎರಡು ಪ್ರಶ್ನೆಗಳಿಗೆ ಬರೆದ ಲೇಖನ ಚಿಕ್ಕದು. ಈಗಲೂ ಪ್ರತಿ ಮೇ ತಿಂಗಳಲ್ಲಿ ನನ್ನ ಬ್ಲಾಗಿನಲ್ಲಿ ಜನ ಹೆಚ್ಚು ಓದುವುದು ಅದನ್ನೇ. ಡ್ರಮ್ ಮುಂದೆ ನಿಂತು, ಒಂದು ಕೈಯಲ್ಲಿ ಫೋನ್ ಹಿಡಿದು ಓದುತ್ತಾರೆ. ಹಾಗಾಗಿ ಮೊದಲ ಪ್ಯಾರಾದಲ್ಲೇ ಉತ್ತರ ಇರಬೇಕು. ಬೋರ್ಡೋ ಅನ್ನುವ ಹೆಸರು ಫ್ರಾನ್ಸಿನ ಊರಿನಿಂದ ಬಂತು ಅನ್ನುವುದನ್ನು ಕೊನೆಗೆ ಹೇಳಿದರಾಯಿತು.

ನಿಮ್ಮ ಜಿಲ್ಲೆಯಲ್ಲಿ ಇಂಥ ಪ್ರಶ್ನೆಗಳಿಗೆ ಬರವೇ ಇಲ್ಲ. ಶ್ರವಣಬೆಳಗೊಳದ ಬಗ್ಗೆ ಬರೆಯುವವರೆಲ್ಲ ಗೊಮ್ಮಟನ ಎತ್ತರ ಬರೆಯುತ್ತಾರೆ, ಚಾವುಂಡರಾಯನ ಕಥೆ ಬರೆಯುತ್ತಾರೆ. ಹೊರಡುವ ಮುಂಚೆ ಮನೆಯಲ್ಲಿ ನಡೆಯುವ ಮಾತು ಅದಲ್ಲ. 'ಅಮ್ಮನಿಗೆ ಮಂಡಿ ನೋವು, ಹತ್ತೋಕಾಗುತ್ತಾ?' ಅನ್ನುವುದು. ಗೊಮ್ಮಟನಿರುವ ವಿಂಧ್ಯಗಿರಿ ಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡೆದವು, ಬರಿಗಾಲಲ್ಲಿ ಹತ್ತಬೇಕು. ಬೇಸಿಗೆ ಮಧ್ಯಾಹ್ನ ಕಲ್ಲು ಕಾದಿರುತ್ತದೆ. ಆಗದವರಿಗೆ ಡೋಲಿ ಇದೆ. ಎಲ್ಲಿ ಕೂತು ಸುಧಾರಿಸಿಕೊಳ್ಳಬಹುದು, ಬೆಳಿಗ್ಗೆ ಎಷ್ಟು ಹೊತ್ತಿಗೆ ಹತ್ತಿದರೆ ಕಾಲು ಸುಡುವುದಿಲ್ಲ, ಇಳಿಯುವಾಗ ಕಂಬಿ ಯಾವ ಕಡೆ ಹಿಡಿಯಬೇಕು, ಇದನ್ನೆಲ್ಲ ನೀವೇ ಹತ್ತಿ ಇಳಿದು ಬರೆಯಿರಿ. ಅಮ್ಮನನ್ನು ಕರೆದುಕೊಂಡು ಹೋಗುವ ಮಗಳು ಅದನ್ನು ಪೂರ್ತಿ ಓದುತ್ತಾಳೆ, ಅಕ್ಕನಿಗೂ ಕಳಿಸುತ್ತಾಳೆ.

ಹಳೇಬೀಡಿನ ವಿಷಯದಲ್ಲೂ ಅಷ್ಟೇ. ಬಸ್ಸಲ್ಲಿ ಬಂದವರು ಹೊಯ್ಸಳೇಶ್ವರ ನೋಡಿ, ಎಳನೀರು ಕುಡಿದು, 16 ಕಿಲೋಮೀಟರ್ ದೂರದ ಬೇಲೂರಿಗೆ ಹೊರಟುಬಿಡುತ್ತಾರೆ. ಹತ್ತಿರದಲ್ಲೇ ಬಸ್ತಿಹಳ್ಳಿಯ ಜೈನ ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳಿಗೆ ಎಂಥ ನುಣುಪು ಅಂದರೆ ಹತ್ತಿರ ನಿಂತರೆ ನಮ್ಮದೇ ನೆರಳು ಅದರಲ್ಲಿ ಕಾಣುತ್ತದೆ. 'ಹಳೇಬೀಡಿಗೆ ಒಂದು ಗಂಟೆ ಸಾಕಾ?' ಅಂತ ಕೇಳುವವರಿಗೆ ಈ ಕಂಬಗಳ ಬಗ್ಗೆ ಹೇಳಿ. ಇನ್ನೊಂದು ಗಂಟೆ ತಾವಾಗೇ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ ಸಿಗುವ ಇನ್ನೊಂದು ಜಾಗ ಗೂಗಲ್ ಸರ್ಚ್ ಕನ್ಸೋಲ್. ಉಚಿತ. ಇನ್ನೂ ಜೋಡಿಸಿಲ್ಲದಿದ್ದರೆ ಇವತ್ತೇ ಜೋಡಿಸಿ. ಜನ ಏನು ಟೈಪ್ ಮಾಡಿದಾಗ ನಿಮ್ಮ ಪುಟ ಗೂಗಲ್‌ನಲ್ಲಿ ಕಾಣಿಸಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ತುಂಬಾ ಸಲ ಕಾಣಿಸಿಯೂ ಯಾರೂ ಒತ್ತದ ಪುಟಗಳನ್ನು ಮೊದಲು ನೋಡಿ. ಹೆಚ್ಚಿನ ಸಲ ತೊಂದರೆ ಇರುವುದು ಶೀರ್ಷಿಕೆಯಲ್ಲಿ. 'ಪ್ರಕೃತಿಯ ಮಡಿಲಲ್ಲಿ ಒಂದು ದಿನ' ಅಂತ ಇಟ್ಟರೆ ಅದು ಶೆಟ್ಟಿಹಳ್ಳಿಯೋ ಬಿಸಿಲೆಯೋ ಯಾರಿಗೆ ಗೊತ್ತಾಗಬೇಕು? ಊರಿನ ಹೆಸರು ಶೀರ್ಷಿಕೆಯಲ್ಲಿ ಇರಲೇಬೇಕು. ಕನ್ನಡದ ವಿಷಯವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುವವರೂ ಜಾಸ್ತಿ. ಆ ಪಟ್ಟಿಯಲ್ಲಿ ಅದೂ ಕಾಣುತ್ತದೆ, ಗಮನಿಸಿ.

ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ನಮ್ಮ ಕಡೆ ಬರೆಯುವವರಿಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ, ಯಾಕೆಂದರೆ ನಮ್ಮ ಓದುಗರು ಮಳೆ ನೋಡಿಕೊಂಡು ಬರುತ್ತಾರೆ. ಕಾಫಿಗೆ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಆ ವಾರ ಜನ ಹೂವಿನ ಬಗ್ಗೆ ಹುಡುಕುತ್ತಾರೆ, ಮುಂದಿನ ತಿಂಗಳು ಕೇಳುವವರಿಲ್ಲ. ಹೂ ಬಿಟ್ಟ ಮೇಲೆ ಬರೆಯಲು ಕೂತರೆ ತಡವಾಯಿತು. ಹಾಗಾಗಿ ಮುಂದೆ ಬರುವ ತಿಂಗಳಲ್ಲಿ ಹೋದ ವರ್ಷ ಜನ ಏನು ಹುಡುಕಿದ್ದರು ಅಂತ ಮೊದಲೇ ನೋಡಿ, ಈಗಲೇ ಬರೆದಿಡುತ್ತೇನೆ. ನಿಮ್ಮ ಬ್ಲಾಗಿಗೆ ಇನ್ನೂ ವರ್ಷ ತುಂಬಿಲ್ಲ, ಹಿಂದಿನ ಲೆಕ್ಕ ಇರುವುದಿಲ್ಲ. ಆದರೂ ಶೆಟ್ಟಿಹಳ್ಳಿ ಚರ್ಚ್ ಗೊತ್ತೇ ಇದೆಯಲ್ಲ. ಗೊರೂರಿನ ಹೇಮಾವತಿ ಹಿನ್ನೀರು ಏರಿದಾಗ ಅದು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ಮಳೆಗಾಲದಲ್ಲಿ ಎಲ್ಲರ ಪ್ರಶ್ನೆ ಒಂದೇ, 'ಈಗ ಮುಳುಗಿದೆಯಾ?' ನೀವು ಅಲ್ಲೇ ಹತ್ತಿರ ಇದ್ದೀರಿ. ನೀರು ಏರುವ ದಿನಗಳಲ್ಲಿ ಆಗಾಗ ಹೋಗಿ ಒಂದು ಫೋಟೋ ತೆಗೆದು, ತಾರೀಖಿನ ಸಮೇತ ಅದೇ ಹಳೇ ಪುಟಕ್ಕೆ ಸೇರಿಸಿ. ಬೆಂಗಳೂರಲ್ಲಿ ಕೂತು ಬರೆಯುವವರಿಗೆ ಇದು ಸಾಧ್ಯವೇ ಇಲ್ಲ.

ದಿನದ ಎರಡನೇ ಅಭ್ಯಾಸ ಇಲ್ಲೇ ಬರುತ್ತದೆ. ಹೊಸದು ಬರೆಯದ ದಿನ ಹಳೆಯದೊಂದನ್ನು ತೆಗೆದು ಓದಿ. ಕಾಫಿ ಗಿಡ ನೆಟ್ಟು ಬಿಟ್ಟರೆ ಆಗುವುದಿಲ್ಲ, ಚಿಗುರು ತೆಗೆಯುತ್ತಾ ಇರಬೇಕಲ್ವಾ? ಲೇಖನವೂ ಹಾಗೇ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. 'ಇನ್ನೂ ತಾತ್ಕಾಲಿಕ ಪಟ್ಟಿಯಲ್ಲೇ ಇವೆ' ಅಂತ ಹೇಳುವ ಪುಟ ಕಂಡರೆ ಓದುಗ ಅದರಲ್ಲಿರುವ ಬಸ್ಸಿನ ಸಮಯವನ್ನೂ ನಂಬುವುದಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಳೆಗಾಲದ ಸಂಚಾರದ ನಿಯಮ ಬದಲಾಗುತ್ತಲೇ ಇರುತ್ತದೆ. ಮುಳ್ಳಯ್ಯನಗಿರಿಗೆ ವಾಹನ ಬಿಡುವ ನಿಯಮವೂ ಅಷ್ಟೇ. ಇಂಥ ಸಾಲುಗಳ ಪಕ್ಕ 'ಇಂಥ ತಿಂಗಳು ಪರಿಶೀಲಿಸಿದ್ದು' ಅಂತ ಹಾಕಿ, ಆಮೇಲೆ ಅದನ್ನು ನಿಜವಾಗಿ ಪರಿಶೀಲಿಸುತ್ತಿರಿ. ಮಕ್ಕಳನ್ನು ಕಾರಲ್ಲಿ ಕೂರಿಸಿಕೊಂಡು ನಿಮ್ಮ ಮಾತು ನಂಬಿ ಹೊರಟವರು ಗೇಟಿನಿಂದ ವಾಪಸ್ ಬರುವಂತಾಗಬಾರದು. ನನಗೆ ಇದು ಎಲ್ಲಕ್ಕಿಂತ ಮುಖ್ಯ.

ತಾಂತ್ರಿಕ ವಿಷಯ ಸ್ವಲ್ಪ ಹೇಳುತ್ತೇನೆ, ಕನ್ನಡದಲ್ಲಿ ಬರೆಯುವವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಪುಟದ ವಿಳಾಸವನ್ನು ನೀವೇ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡಿ. ಬ್ಲಾಗ್ ನಡೆಸಲು ಹೆಚ್ಚಿನವರು ಬಳಸುವುದು ಗೂಗಲ್‌ನ ಬ್ಲಾಗರ್ ಇಲ್ಲವೇ ವರ್ಡ್‌ಪ್ರೆಸ್. ಶೀರ್ಷಿಕೆ ಬರೀ ಕನ್ನಡದಲ್ಲಿದ್ದರೆ ಬ್ಲಾಗರ್‌ನಲ್ಲಿ ವಿಳಾಸ ಸುಮ್ನೆ 'ಬ್ಲಾಗ್ ಪೋಸ್ಟ್' ಅಂತಾಗಿಬಿಡುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಕನ್ನಡವೇ ಉಳಿಯುತ್ತದೆ, ಆದರೆ ಅದನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದಾಗ ಒಂದೊಂದು ಅಕ್ಷರವೂ ಶೇಕಡಾ ಗುರುತು ಸೇರಿ ಒಂಬತ್ತು ಚಿಹ್ನೆ ಆಗುತ್ತದೆ. ದೀರ್ಘವನ್ನೂ ಬೇರೆ ಅಕ್ಷರ ಅಂತಲೇ ಎಣಿಸುವುದರಿಂದ 'ಹಾಸನ' ಅನ್ನುವ ಒಂದೇ ಪದ 36 ಚಿಹ್ನೆ. ಇಡೀ ಶೀರ್ಷಿಕೆಯಾದರೆ ಫೋನಿನ ಪರದೆ ತುಂಬುತ್ತದೆ. ಅದನ್ನು ನೋಡಿ ವೈರಸ್ ಇರಬೇಕು ಅಂದುಕೊಂಡು ಒತ್ತದವರು ಇದ್ದಾರೆ. ಆಗಲೇ ಹಂಚಿಹೋದ ಹಳೇ ವಿಳಾಸಗಳನ್ನು ಮಾತ್ರ ಮುಟ್ಟಬೇಡಿ, ಹಂಚಿದ ಲಿಂಕ್ ಕೆಡಬಹುದು. ಇನ್ನು, ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಹಳೇ ನುಡಿ ಫಾಂಟಿನ ಬರಹ ಇದ್ದರೆ ಯೂನಿಕೋಡಿಗೆ, ಅಂದರೆ ಎಲ್ಲ ಫೋನ್, ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿಗೆ, ಬದಲಿಸಿಯೇ ಹಾಕಿ. ಇಲ್ಲದಿದ್ದರೆ ಗೂಗಲ್‌ಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ.

ಫೋಟೋ ನಿಮ್ಮದೇ ಇರಲಿ, ಚಿಕ್ಕದು ಮಾಡಿ ಹಾಕಿ. ಸಕಲೇಶಪುರ ದಾಟಿದ ಮೇಲೆ ಸಿಗ್ನಲ್ ಎಷ್ಟು ಸಿಗುತ್ತದೆ ಅಂತ ನಿಮಗೇ ಗೊತ್ತು. ನಾಲ್ಕೈದು ಎಂಬಿಯ ಹತ್ತು ಫೋಟೋ ಇರುವ ಪುಟ ಅಲ್ಲಿ ತೆರೆಯುವುದೇ ಇಲ್ಲ.

ಬರೆಯುವ ಹೊತ್ತಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನನಗೆ ಬೆಳಿಗ್ಗೆ ಆಳುಗಳು ಬರುವ ಮುಂಚೆ ಅರ್ಧ ಗಂಟೆ ಸಿಗುತ್ತದೆ. ಟೈಪ್ ಮಾಡಲು ಬೇಸರವಾದ ದಿನ ಫೋನಿಗೆ ಕನ್ನಡದಲ್ಲೇ ಹೇಳಿ ಬರೆಸುತ್ತೇನೆ, ಆಮೇಲೆ ತಿದ್ದುತ್ತೇನೆ. ಹಾಗೆ ಬರೆಸಿದ ಸಾಲು ಎಷ್ಟೋ ಸಲ ಕೂತು ಬರೆದದ್ದಕ್ಕಿಂತ ಸಲೀಸಾಗಿರುತ್ತದೆ, ಮಾತಾಡುವಾಗ ನಾವು ದೊಡ್ಡ ದೊಡ್ಡ ಪದ ಬಳಸುವುದಿಲ್ಲವಲ್ಲ.

ದಿನಾ ಮಾಡಬಾರದ್ದು ಎರಡು. ಎಷ್ಟು ಜನ ನೋಡಿದರು ಅಂತ ಗಂಟೆಗೊಮ್ಮೆ ನೋಡುವುದು ಒಂದು. ವಾರಕ್ಕೊಮ್ಮೆ ನೋಡಿದರೆ ಸಾಕು. ಇನ್ನೊಂದು, ಎಲ್ಲ ವಾಟ್ಸಾಪ್ ಗುಂಪುಗಳಿಗೂ ಲಿಂಕ್ ಹಾಕುವುದು. ಮದುವೆ ಗುಂಪಿನಲ್ಲಿ ಲಿಂಕ್ ಹಾಕಿದರೆ ಬರುವುದು ಹೆಬ್ಬೆರಳಿನ ಗುರುತು ಮಾತ್ರ, ಓದುಗರಲ್ಲ. ಯಾರು ಆ ಪ್ರಶ್ನೆ ಕೇಳಿದ್ದರೋ ಅವರೊಬ್ಬರಿಗೆ ಕಳಿಸಿ, 'ನಿಮ್ಮ ಪ್ರಶ್ನೆಗೆ ಬರೆದಿದ್ದೀನಿ, ಏನಾದರೂ ಬಿಟ್ಟಿದ್ದರೆ ಹೇಳಿ' ಅನ್ನಿ. ಅವರು ಏನೋ ಒಂದನ್ನು ಸೇರಿಸಿ ಹೇಳೇ ಹೇಳುತ್ತಾರೆ. ಮಾರನೇ ದಿನದ ಪ್ರಶ್ನೆ ಅದರಲ್ಲೇ ಸಿಗುತ್ತದೆ.

ನಾಳೆಯಿಂದ ಶುರು ಮಾಡುವುದಾದರೆ ಶ್ರವಣಬೆಳಗೊಳದ ಪುಟದಿಂದಲೇ ಶುರು ಮಾಡಿ. ಮಂಡಿ ನೋವಿನ ಪ್ರಶ್ನೆಯನ್ನು ಮೇಲೆ ತನ್ನಿ, ಇತಿಹಾಸ ಕೆಳಗೆ ಹೋಗಲಿ. ಸರ್ಚ್ ಕನ್ಸೋಲ್ ಜೋಡಿಸುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನೀವು ಬ್ಲಾಗರ್ ಬಳಸುತ್ತೀರೋ ವರ್ಡ್‌ಪ್ರೆಸ್ಸೋ ಅಂತ ಹೇಳಿ ಇಲ್ಲೇ ಕೇಳಿ, ಹಂತ ಹಂತವಾಗಿ ಬರೆಯುತ್ತೇನೆ.