ಕೂಟಕ್ಕೆ ಮೂರು ವಾರ ಇರುವಾಗ ಓಟಗಾರ್ತಿಯ ಲಯವನ್ನು ಅಳೆಯುವುದು ಹೇಗೆ?

ಚಿಕ್ಕಮಗಳೂರಿನಿಂದ ನೀವು ಕೇಳಿರುವುದು ಇಷ್ಟು: ಮಗಳ 5000 ಮೀಟರ್ ಓಟದ ಶ್ರೇಷ್ಠ ಸಮಯ 17 ನಿಮಿಷ 42 ಸೆಕೆಂಡು, ಎದುರಾಳಿಗಳಿಬ್ಬರ ಸಮಯ 17 ನಿಮಿಷ 20 ಸೆಕೆಂಡಿನ ಆಸುಪಾಸು, ರಾಷ್ಟ್ರಮಟ್ಟದ ಕೂಟಕ್ಕೆ ಉಳಿದಿರುವುದು ಮೂರು ವಾರ, ಈ 22 ಸೆಕೆಂಡನ್ನು ಇಳಿಸುವುದು ಹೇಗೆ, ಅವಳನ್ನು ಮೊದಲ ಸುತ್ತಿನಿಂದಲೇ ಮುಂದೆ ಓಡಿಸಬೇಕೆ? ಇದೇ ಲೆಕ್ಕವನ್ನು ನಾನೂ ಒಮ್ಮೆ ಹಾಕಿಕೊಂಡಿದ್ದೆ. ಅದರಿಂದಾಗಿ ರಾಜ್ಯ ತಂಡದಲ್ಲಿ ಸಿಗಬೇಕಾಗಿದ್ದ ಸ್ಥಾನ ಕೈತಪ್ಪಿತು.

ಆಗ ನಾನು ಹಾಸನದಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದೆ. ಭಾನುವಾರಗಳಂದು ಗೊರೂರು ರಸ್ತೆಯಲ್ಲಿ ದೂರದ ಓಟ, ವಾರಕ್ಕೊಮ್ಮೆ ಸೀಗೆಗುಡ್ಡದ ಏರು, ಉಳಿದ ದಿನಗಳಲ್ಲಿ ಜಿಲ್ಲಾ ಕ್ರೀಡಾಂಗಣದ ಮಣ್ಣಿನ ಟ್ರ್ಯಾಕ್. ನೀಲಿ ರಟ್ಟಿನ ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಸುತ್ತಿನ ಸಮಯವನ್ನೂ ಬರೆದಿಡುತ್ತಿದ್ದೆ. ರಾಜ್ಯ ತಂಡದ ಆಯ್ಕೆಯ ಕೂಟಕ್ಕೆ ಎರಡು ವಾರ ಮೊದಲು, ಬೆಳಗಿನ ಆರು ಗಂಟೆಯ ಮಂಜಿನಲ್ಲಿ, ಗೆಳೆಯನೊಬ್ಬನ ಕೈಗೆ ಸ್ಟಾಪ್‌ವಾಚ್ ಕೊಟ್ಟು ಒಬ್ಬನೇ 5000 ಮೀಟರ್, ಅಂದರೆ ಹನ್ನೆರಡೂವರೆ ಸುತ್ತು ಓಡಿದೆ. 73, 74, 74, 73 ಎಂದು ಪುಟದ ತುಂಬ ಒಂದೇ ಬಗೆಯ ಅಂಕಿಗಳು ಬಂದವು. ಒಟ್ಟು 15 ನಿಮಿಷ 20 ಸೆಕೆಂಡು. ಆ ವರ್ಷ ಕಣದಲ್ಲಿದ್ದವರ ಪೈಕಿ ಅಷ್ಟು ಬೇಗ ಓಡಿದವರು ಒಬ್ಬಿಬ್ಬರೇ ಇದ್ದರು. ನನ್ನ ಲಯವನ್ನು, ಅಂದರೆ ಮೈ ಓಟಕ್ಕೆ ಎಷ್ಟು ಸಜ್ಜಾಗಿದೆ ಎಂಬುದನ್ನು, ಅಳೆದು ಮುಗಿಯಿತು, ಇನ್ನು ಬೆಂಗಳೂರಿಗೆ ಹೋಗಿ ಇದನ್ನೇ ಮತ್ತೊಮ್ಮೆ ಓಡಿದರೆ ಸಾಕು ಎಂದು ನಂಬಿದೆ.

ಕಂಠೀರವ ಕ್ರೀಡಾಂಗಣದಲ್ಲಿ ಸಂಜೆಯ ಓಟ. ಮೊದಲ ಎರಡು ಸ್ಥಾನಗಳಿಗೆ ರಾಷ್ಟ್ರೀಯ ಕೂಟದ ಅವಕಾಶವಿತ್ತು. ಯಾರೂ ಮುಂದಾಳತ್ವ ವಹಿಸಲು ಸಿದ್ಧರಿರಲಿಲ್ಲ; ಗುಂಪು ಒತ್ತಾಗಿ, ಸುತ್ತಿಗೆ 76 ಸೆಕೆಂಡಿನಂತೆ ಸಾಗಿತು. 3000 ಮೀಟರ್ ಮುಗಿಸಿ ಅಂತಿಮ ಗೆರೆಯನ್ನು ದಾಟುವಾಗ ಸುತ್ತಿನ ಫಲಕ 5 ಎಂದು ತೋರಿಸುತ್ತಿತ್ತು, ಗಡಿಯಾರ 9 ನಿಮಿಷ 30 ಸೆಕೆಂಡು ತೋರಿಸುತ್ತಿತ್ತು. ನನ್ನ ನೋಟ್‌ಬುಕ್ಕಿನ ಪ್ರಕಾರ ಅಲ್ಲಿ 9 ನಿಮಿಷ 12 ಸೆಕೆಂಡು ಇರಬೇಕಿತ್ತು.

ನಾನು ಮಾಡಿದ ತಪ್ಪು ಇಲ್ಲಿದೆ. ಅದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮಗಳೂ ಇದೇ ಜಾಗದಲ್ಲಿ ಎಡವುವ ಸಾಧ್ಯತೆ ಇದೆ. ಆ 18 ಸೆಕೆಂಡು ನನ್ನ ಹೆಗಲ ಮೇಲಿನ ಸಾಲ, ಅದನ್ನು ಉಳಿದ ಐದು ಸುತ್ತುಗಳಲ್ಲಿ ತೀರಿಸಲೇಬೇಕು ಎಂದು ನನಗೆ ಅನಿಸಿತು. ವಾಸ್ತವವಾಗಿ ಆ ಸಾಲ ಯಾರದ್ದೂ ಆಗಿರಲಿಲ್ಲ. ನಾನು 18 ಸೆಕೆಂಡು ತಡವಾಗಿದ್ದರೆ ನನ್ನ ಪಕ್ಕದಲ್ಲಿದ್ದ ಎಂಟು ಜನರೂ ಅಷ್ಟೇ ತಡವಾಗಿದ್ದರು. ಅಲ್ಲಿ ಆಯ್ಕೆ ನಡೆಯುತ್ತಿದ್ದುದು ಗೆರೆ ದಾಟುವ ಕ್ರಮದ ಮೇಲೆ, ಗಡಿಯಾರಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಆ ಹೊತ್ತಿಗೆ ನನ್ನ ಉಸಿರು ಹಗುರವಾಗಿತ್ತು, ಕಾಲುಗಳಲ್ಲಿ ನೋವಿರಲಿಲ್ಲ, ಪಕ್ಕದವನ ಏದುಸಿರು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಹಗುರತನವೇ ನನ್ನ ಲಯ. ಆರು ತಿಂಗಳ ದುಡಿಮೆಯ ಫಲ ಅದರಲ್ಲಿತ್ತು. ನಾನು ಅದನ್ನು ಆಲಸ್ಯವೆಂದು ಓದಿಕೊಂಡೆ. ಸುಲಭವಾಗಿ ಓಡುತ್ತಿದ್ದೇನೆಂದರೆ ಕಡಿಮೆ ಓಡುತ್ತಿದ್ದೇನೆ ಎಂದೇ ಅರ್ಥಮಾಡಿಕೊಂಡೆ.

ಹಾಗಾಗಿ ತಿರುವಿನಲ್ಲೇ ಎರಡನೆಯ ಲೇನ್‌ಗೆ ಹೊರಳಿ, ಗುಂಪನ್ನು ಹೊರಗಿನಿಂದ ಸುತ್ತಿ ಮುಂದೆ ಬಂದೆ. ಒಂದು ಲೇನ್‌ನ ಅಗಲ 1.22 ಮೀಟರ್, ಇಡೀ ಒಂದು ಸುತ್ತನ್ನು ಎರಡನೆಯ ಲೇನ್‌ನಲ್ಲಿ ಓಡಿದರೆ ಸುಮಾರು ಏಳೂವರೆ ಮೀಟರ್‌ಗೂ ಹೆಚ್ಚು ದೂರ ಸೇರುತ್ತದೆ, ಮತ್ತು ಆ ಹೆಚ್ಚುವರಿ ದೂರವೆಲ್ಲ ಇರುವುದು ತಿರುವುಗಳಲ್ಲೇ. ಅವರನ್ನು ಹಿಂದಿಕ್ಕಲು ನಾನು ಆರಿಸಿಕೊಂಡದ್ದು ಅದೇ ತಿರುವನ್ನು. ಎದುರು ಬದಿಯ ನೇರ ಹಾದಿಗೆ ಬಂದಾಗ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿದ್ದವರಿಗೆ ಆ ಗಾಳಿಯನ್ನು ನಾನೇ ತಡೆದುಕೊಟ್ಟೆ. 71, 72, 72, 73. ನಾಲ್ಕು ಸುತ್ತು ಹೀಗೆ ಎಳೆದೆ. ಬಿಸಿಲು ಬೆನ್ನಿಗಿದ್ದ ಕಡೆಯಲ್ಲಿ ಟ್ರ್ಯಾಕಿನ ಮೇಲೆ ನನ್ನ ನೆರಳಿನ ಬದಿಯಲ್ಲೇ ಮೂರು ತಲೆಗಳ ನೆರಳು ಕಾಣುತ್ತಿತ್ತು. ಸುತ್ತಿನಿಂದ ಸುತ್ತಿಗೆ ಅವು ಒಂದಿಷ್ಟೂ ಹಿಂದೆ ಸರಿಯಲಿಲ್ಲ. ಅದನ್ನು ನೋಡಿಯಾದರೂ ನಾನು ವೇಗ ತಗ್ಗಿಸಿ, ಬೇರೊಬ್ಬರನ್ನು ಮುಂದೆ ಬಿಡಬೇಕಿತ್ತು. ಬಿಡಲಿಲ್ಲ; ಗಡಿಯಾರ ಈಗ ನನ್ನ ನೋಟ್‌ಬುಕ್ಕಿಗೆ ಹತ್ತಿರವಾಗುತ್ತಿದೆ ಎಂಬ ಸಮಾಧಾನದಲ್ಲಿದ್ದೆ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ 14 ನಿಮಿಷ 18 ಸೆಕೆಂಡು. ಇನ್ನು 300 ಮೀಟರ್ ಇದೆ ಎನ್ನುವಾಗ ಒಂದು ನೆರಳು ಬಲಕ್ಕೆ ಸರಿಯಿತು, ಸ್ಪೈಕ್ಸ್‌ನ (ಮೊಳೆಯಿರುವ ಓಟದ ಬೂಟಿನ) ಸದ್ದು ಒಮ್ಮೆಲೇ ಚುರುಕಾಯಿತು. ಒಬ್ಬರ ಹಿಂದೊಬ್ಬರಂತೆ ಮೂವರೂ ಹೋದರು.

ಗೆದ್ದವನ ಕೊನೆಯ ಸುತ್ತು 63 ಸೆಕೆಂಡು, ನನ್ನದು 70. ಅವನ ಸಮಯ 15 ನಿಮಿಷ 21 ಸೆಕೆಂಡು. ಹಾಸನದ ಮಂಜಿನಲ್ಲಿ ನಾನೊಬ್ಬನೇ ಓಡಿದ್ದಕ್ಕಿಂತ ಅದು ಒಂದು ಸೆಕೆಂಡು ಹೆಚ್ಚು. ನಾನು 15 ನಿಮಿಷ 28 ಸೆಕೆಂಡಿನಲ್ಲಿ ನಾಲ್ಕನೆಯವನಾದೆ. ಗೆದ್ದ ಆ ಹುಡುಗ ನನ್ನ ಬಳಿ ಬಂದು, “ಅಣ್ಣ, ನೀವು ಎಳೆದುಕೊಂಡು ಹೋಗದಿದ್ದರೆ ನನಗೆ ಈ ಸಮಯ ಬರುತ್ತಿರಲಿಲ್ಲ” ಎಂದು ಕೈ ಕುಲುಕಿದ. ಅವನು ಮನಸ್ಸಿನಿಂದಲೇ ಹೇಳಿದ್ದ, ಹೇಳಿದ್ದು ಸತ್ಯವೂ ಆಗಿತ್ತು.

ಆದ್ದರಿಂದ 22 ಸೆಕೆಂಡನ್ನು ಇಳಿಸುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸುತ್ತಿಗೆ ಲೆಕ್ಕ ಹಾಕಿದರೆ ಅದು ಎರಡು ಸೆಕೆಂಡಿಗಿಂತ ಕಡಿಮೆ. ಮೂರು ವಾರದಲ್ಲಿ ಅದನ್ನು ಇಳಿಸಲು ಹೊರಟರೆ ಮಗಳು ದಣಿದ ಕಾಲುಗಳೊಂದಿಗೆ ಕೂಟಕ್ಕೆ ಹೋಗುತ್ತಾಳೆ. ಈ ಅವಧಿಯಲ್ಲಿ ಹೊಸದಾಗಿ ಶಕ್ತಿ ಕಟ್ಟಲಾಗದು. ಇರುವುದನ್ನು ಹರಿತವಾಗಿ ಇಟ್ಟುಕೊಳ್ಳಬಹುದು, ಅಷ್ಟೇ. ಕೊನೆಯ ಎರಡು ವಾರಗಳಲ್ಲಿ ಓಡುವ ದೂರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ತನ್ನಿ, ವೇಗದ ಓಟಗಳನ್ನು ಮಾತ್ರ ಬಿಡಬೇಡಿ.

ಶ್ರೇಷ್ಠ ಸಮಯಗಳ ಪಟ್ಟಿಯನ್ನು ನೋಡಿ ಹೆದರುವ ಅಗತ್ಯವಿಲ್ಲ ಎಂಬುದಕ್ಕೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮಹಿಳೆಯರ 5000 ಮೀಟರ್ ಓಟವನ್ನು ಮಗಳಿಗೆ ತೋರಿಸಿ. 2023ರ ಆ ಓಟಕ್ಕೆ ಮೊದಲು ಭಾರತದ ಪಾರುಲ್ ಚೌಧರಿಯವರ ಶ್ರೇಷ್ಠ ಸಮಯ 15 ನಿಮಿಷ 10.35 ಸೆಕೆಂಡು, ಜಪಾನಿನ ರಿರಿಕಾ ಹಿರೊನಾಕಾ ಅವರದು 14 ನಿಮಿಷ 52.84 ಸೆಕೆಂಡು. ಅಂದರೆ ಹದಿನೇಳು ಸೆಕೆಂಡಿನ ಅಂತರ, ಹೆಚ್ಚುಕಡಿಮೆ ನಿಮ್ಮ ಮಗಳ ಪರಿಸ್ಥಿತಿಯೇ. ಅಲ್ಲದೆ ಪಾರುಲ್ ಹಿಂದಿನ ದಿನವಷ್ಟೇ ಸ್ಟೀಪಲ್‌ಚೇಸ್ (ಅಡೆತಡೆಗಳನ್ನೂ ನೀರಿನ ಗುಂಡಿಯನ್ನೂ ದಾಟುವ ಓಟ) ಓಡಿ ಬೆಳ್ಳಿ ಗೆದ್ದಿದ್ದರು. ಕೊನೆಯ ನೇರ ಹಾದಿಯಲ್ಲಿ ಹಿರೊನಾಕಾರನ್ನು ಹಿಂದಿಕ್ಕಿ 15 ನಿಮಿಷ 14.75 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಗಮನಿಸಿ, ತಮ್ಮ ಶ್ರೇಷ್ಠ ಸಮಯವನ್ನು ಅವರು ಆ ದಿನ ಮುಟ್ಟಲೂ ಇಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊ ಫರಾ 5000 ಮೀಟರ್ ಗೆದ್ದದ್ದು 13 ನಿಮಿಷ 41.66 ಸೆಕೆಂಡಿನಲ್ಲಿ, ಆಗಿನ ವಿಶ್ವದಾಖಲೆಗಿಂತ ಅದು ಒಂದು ನಿಮಿಷಕ್ಕೂ ಹೆಚ್ಚು ನಿಧಾನ. ಟೋಕಿಯೊ ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ ವಿಶ್ವದಾಖಲೆಯ ಒಡೆಯ ಜೋಶುವಾ ಚೆಪ್ಟೆಗೈ ಅವರನ್ನು ಸೆಲೆಮನ್ ಬರೇಗಾ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಸೋಲಿಸಿದರು. ಪದಕಕ್ಕಾಗಿ ಓಡುವ ಇಂಥ ದೊಡ್ಡ ಕೂಟಗಳಲ್ಲಿ ವೇಗವನ್ನು ನಿಗದಿ ಮಾಡುವ ಪೇಸ್‌ಮೇಕರ್ ಇರುವುದಿಲ್ಲ. ಅಲ್ಲಿ ಓಟ ನಿಧಾನವಾಗುತ್ತದೆ, ಥಟ್ಟನೆ ಚುರುಕಾಗುತ್ತದೆ, ಮತ್ತೆ ನಿಧಾನವಾಗುತ್ತದೆ. ಆ ಏರಿಳಿತವನ್ನು ತಾಳಿಕೊಂಡು ಕೊನೆಗೆ ಏನು ಉಳಿಯುತ್ತದೆ ಎಂಬುದನ್ನೇ ನೀವು ಅಳೆಯಬೇಕು.

ಅಳೆಯುವ ಬಗೆಯನ್ನು ಹೇಳುತ್ತೇನೆ. ಕೂಟಕ್ಕೆ ಹನ್ನೊಂದು ಅಥವಾ ಹನ್ನೆರಡು ದಿನ ಇರುವಾಗ ಒಂದೇ ಒಂದು ಪರೀಕ್ಷೆ ಮಾಡಿ. ಪೂರ್ತಿ 5000 ಮೀಟರ್ ಮಾತ್ರ ಓಡಿಸಬೇಡಿ. ಮೊದಲ 2000 ಮೀಟರನ್ನು ಸುತ್ತಿಗೆ 86 ಸೆಕೆಂಡಿನಂತೆ ಓಡಲಿ. ಮುಂದಿನ ಎರಡು ಸುತ್ತುಗಳಲ್ಲಿ 200 ಮೀಟರ್ 40 ಸೆಕೆಂಡಿಗೆ, ನಂತರದ 200 ಮೀಟರ್ 45 ಸೆಕೆಂಡಿಗೆ, ಹೀಗೆ ಎರಡು ಬಾರಿ. ಆಮೇಲೆ ನಿಲ್ಲದೆ ಕೊನೆಯ 400 ಮೀಟರನ್ನು ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ಓಡಲಿ. ಸಾಧ್ಯವಾದರೆ ಇಬ್ಬರು ಹುಡುಗರನ್ನು ಜೊತೆಗೆ ಬಿಡಿ, ಅವರ ಹಿಂದೆ ನೆಮ್ಮದಿಯಿಂದ ಓಡುವುದೂ ಅವಳಿಗೆ ಅಭ್ಯಾಸವಾಗಲಿ. ನೀವು ತಿರುವಿನ ಒಳಬದಿಯಲ್ಲಿ ನಿಂತು ಅವಳ ಕೈಗಳನ್ನು ನೋಡಿ. ವೇಗ ಬದಲಿಸುವಾಗ ಕೈಗಳು ಎದೆಯ ಅಡ್ಡಕ್ಕೆ ಬರತೊಡಗಿದರೆ, ಹೆಗಲು ಕಿವಿಯ ಕಡೆ ಏರಿದರೆ, ಪಾದ ಬೀಳುವ ಸದ್ದು ದಪ್ಪವಾದರೆ ಆ ಸುತ್ತನ್ನು ಗುರುತು ಹಾಕಿಕೊಳ್ಳಿ. ಮುಂದಿನ ಮೂರು ದಿನ ಅವಳು ಹಾಸಿಗೆಯಿಂದ ಏಳುವ ಮೊದಲೇ ನಾಡಿ ಎಣಿಸಿ. ಎಂದಿನದಕ್ಕಿಂತ ಏಳೆಂಟು ಬಡಿತ ಹೆಚ್ಚಿದ್ದು ಮೂರನೆಯ ದಿನಕ್ಕೂ ಇಳಿಯದಿದ್ದರೆ ಇನ್ನಷ್ಟು ವಿಶ್ರಾಂತಿ ಬೇಕು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ. ದೂರ ಓಡುವ ಹುಡುಗಿಯರಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ. ಅದನ್ನು ತುಂಬಿಕೊಳ್ಳಲು ವಾರಗಳೇ ಬೇಕು.

ತಂತ್ರ ಆ ಕೊನೆಯ 400 ಮೀಟರ್‌ನಿಂದಲೇ ಹುಟ್ಟಬೇಕು. 74 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಬಂದರೆ ಅವಳು ಯಾರನ್ನೂ ಎಳೆಯದೆ, ಒಳಲೇನ್‌ನಲ್ಲಿ ಮೂರನೆಯವಳಾಗಿ ಕಾದು, 300 ಮೀಟರ್ ಉಳಿದಾಗ ಹೊರಡಲಿ. 75ರಿಂದ 78 ಬಂದರೆ 600 ಮೀಟರ್ ಇರುವಾಗಲೇ ಹೊರಡಬೇಕು. ಅದಕ್ಕಿಂತ ಹೆಚ್ಚಾದರೆ ಕೊನೆಯ ಕ್ಷಣದ ವೇಗದ ಓಟ ಅವಳಿಗೆ ಒಗ್ಗುವುದಿಲ್ಲ. ಇನ್ನು 1000 ಮೀಟರ್ ಉಳಿದಿರುವಾಗಿನಿಂದ ಪ್ರತಿ 200 ಮೀಟರ್‌ಗೂ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಎದುರಾಳಿಗಳ ಕಾಲಿನ ಚುರುಕನ್ನು ಮೊದಲೇ ಕರಗಿಸಬೇಕು. ಮುಂದೆ ಓಡುವುದು ಸರಿಯಾಗುವ ಸಂದರ್ಭ ನನ್ನ ದೃಷ್ಟಿಯಲ್ಲಿ ಇದೊಂದೇ, ಅದೂ ಮೊದಲೇ ತೀರ್ಮಾನಿಸಿ ಅಭ್ಯಾಸ ಮಾಡಿದ್ದರೆ ಮಾತ್ರ. ಎದುರಾಳಿಗಳು ಆರಂಭದಿಂದಲೇ 82ರ ಸುತ್ತುಗಳಲ್ಲಿ ಹೊರಟರೆ ಅವಳು ಹೋಗದೆ 84, 85ರಲ್ಲೇ ಇರಲಿ. ಆಗ ಕೊನೆಯಲ್ಲಿ ಸುಸ್ತಾದವರನ್ನು ಹಿಡಿಯುವುದಷ್ಟೇ ಉಳಿದ ದಾರಿ.

ಇನ್ನೊಂದು ಮಾತು. ನಿಮ್ಮೂರಿನ ತಂಪಿನಲ್ಲಿ ಬೆಳಗಿನ ಆರಕ್ಕೆ ಓಡಿದ ಮೈಗೆ ಬಯಲುಸೀಮೆಯ ಅಥವಾ ಕರಾವಳಿಯ ಬಿಸಿಲು ಒಗ್ಗಲು ಹತ್ತು ದಿನಗಳಿಗೂ ಹೆಚ್ಚು ಬೇಕು. ಇಂದಿನಿಂದಲೇ ದಿನ ಬಿಟ್ಟು ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಮೆಲ್ಲನೆ ಓಡಿಸಿ.

ಓಟದ ದಿನ ಅವಳ ಕೈಯಿಂದ ವಾಚ್ ಬಿಚ್ಚಿಸಿಕೊಂಡು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಸುತ್ತು ನಿಧಾನವಾದಾಗ ಉಸಿರು ಹಗುರವಾಗಿದ್ದರೆ ಹೆದರಬಾರದು, ಅದು ತನ್ನ ಕೈಯಲ್ಲಿರುವ ಉಳಿತಾಯ ಎಂದು ಮೊದಲೇ ಹೇಳಿಟ್ಟಿರಿ. ಪರೀಕ್ಷೆಯ ಓಟ ಮುಗಿದ ಮೇಲೆ ಕೊನೆಯ 400 ಮೀಟರ್‌ನ ಸಮಯ, ಅದರ ಎರಡು ಅರ್ಧಗಳ ಸಮಯ, ಮೂರು ದಿನದ ನಾಡಿ ಇವನ್ನು ಇಲ್ಲಿಯೇ ಬರೆಯಿರಿ. ಎಷ್ಟು ಮೀಟರ್ ಇರುವಾಗ ಹೊರಡಬೇಕೆಂದು ಅವನ್ನು ನೋಡಿ ಹೇಳುತ್ತೇನೆ.